ನಾಜಲ್ ಊದುವ ಪಾಠ

ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇತ್ತು. ಬೆಳೆಗೆ ಔಷಧಿ ಹೊಡೆಯಲು ರೈತರು ಬೆನ್ನಿಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಪಂಪುಗಳನ್ನು ಸರಿಮಾಡುವುದು ನನ್ನ ಕಸುಬು. ಕನಕಪುರ, ಮಾಗಡಿ ಕಡೆಯವರು ಮಾರ್ಕೆಟ್ಟಿನಲ್ಲಿ ತರಕಾರಿ ಮೂಟೆ ಇಳಿಸಿ, ಕೆಟ್ಟ ಪಂಪನ್ನು ನನ್ನಲ್ಲಿ ಬಿಟ್ಟು, ಮಧ್ಯಾಹ್ನದ ಬಸ್ಸಿಗೆ ಅದನ್ನು ಹೊತ್ತುಕೊಂಡು ಹೋಗುತ್ತಿದ್ದರು. ನಾನು ಓದಿದ್ದು ಆರನೇ ಕ್ಲಾಸು. ಆದರೆ ನನ್ನ ಕೈಗೆ ಬಂದ ಪಂಪು ಆ ವರ್ಷ ಮತ್ತೆ ವಾಪಸ್ ಬರುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ.

ನನ್ನ ಹೆಚ್ಚುಗಾರಿಕೆ ಇದ್ದದ್ದು ನಾಜಲ್‌ನಲ್ಲಿ. ಪಂಪಿನ ಕೊಳವೆಯ ತುದಿಯಲ್ಲಿ ಒಂದು ಚಿಕ್ಕ ಹಿತ್ತಾಳೆ ಬಿಲ್ಲೆ, ಅದರಲ್ಲಿ ಕಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ತೂತು. ಅದು ಕಟ್ಟಿಕೊಂಡರೆ ಬೇರೆಯವರು ಪಿನ್ನು ಚುಚ್ಚಿ ತೂತನ್ನೇ ಹಾಳುಮಾಡುತ್ತಿದ್ದರು. ನಾನು ತುಟಿಗಿಟ್ಟು ಊದುತ್ತಿದ್ದೆ. ಕಸ ಹೋಗುವುದಷ್ಟೇ ಅಲ್ಲ, ಉಸಿರು ಹಾಯುವ ರೀತಿಯಲ್ಲೇ ತೂತು ಎಷ್ಟು ಸವೆದಿದೆ ಅಂತ ನನಗೆ ತಿಳಿಯುತ್ತಿತ್ತು. ಇದನ್ನು ಯಾವ ಪುಸ್ತಕವೂ ಕಲಿಸಲಿಲ್ಲ.

ಒಂದು ದಿನ ಕೃಷಿ ಪಾಠ ಹೇಳುವ ಮೇಡಂ ಒಬ್ಬರು ಅಂಗಡಿಗೆ ಬಂದರು. ರಾಗಿ ಹಾಕುತ್ತಿದ್ದವರೆಲ್ಲ ಈಗ ಟೊಮೇಟೊ, ಗುಲಾಬಿ ಹಾಕುತ್ತಿದ್ದಾರೆ, ಮನೆಗೊಂದು ಪಂಪು ಬಂದಿದೆ, ಊರಲ್ಲಿ ರಿಪೇರಿ ಮಾಡುವವರಿಲ್ಲ. ಹತ್ತನೇ ಕ್ಲಾಸು ಮುಗಿಸಿದ ಹಳ್ಳಿ ಹುಡುಗರಿಗೆ ಆರು ವಾರದ ತರಬೇತಿ ಶುರುಮಾಡುತ್ತಿದ್ದೇವೆ ಎಂದರು.

"ಪುಸ್ತಕದ್ದು ನಾನು ಹೇಳ್ತೀನಿ. ಕೈಕೆಲಸಕ್ಕೆ ನೀವು ಬರ್ಬೇಕು, ಮೇಷ್ಟ್ರೇ."

ಮೇಷ್ಟ್ರೇ! ಆ ಮಾತು ಕಿವಿಯಲ್ಲಿ ಎಷ್ಟು ದಿನ ಉಳಿಯಿತೋ. ಹೆಂಡತಿ ಮಾತ್ರ ನಕ್ಕಳು. "ಆರನೇ ಕ್ಲಾಸ್ ಮೇಷ್ಟ್ರಿಗೆ ಇಸ್ತ್ರಿ ಮಾಡಿರೋ ಶರ್ಟೇ ಬೇಕಾ ರೀ?"

ಬಸವನಗುಡಿಯ ಒಂದು ಹಾಸ್ಟೆಲಿನ ಹಾಲಿನಲ್ಲಿ ತರಗತಿ. ಬೆಳಗ್ಗೆ ಮೇಡಂ ಪಾಠ ಮುಗಿಸಿ ಹೋದ ಮೇಲೆ, ಮಧ್ಯಾಹ್ನ ನನ್ನದು. ಮೊದಲ ತಂಡದಲ್ಲಿ ಇಪ್ಪತ್ತು ಜನ. ನನ್ನ ಮೊದಲ ಪಾಠವೇ ನಾಜಲ್. ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿ ಊದಿಸಿದೆ. ಒಬ್ಬ ಔಷಧಿ ವಾಸನೆಗೆ ಮುಖ ಕಿವುಚಿ, ತೋಳಿನಿಂದ ತುಟಿ ಒರೆಸಿಕೊಂಡ. "ಅಸಹ್ಯ ಪಡೋನು ಈ ಕೆಲಸಕ್ಕೆ ಬರ್ಬೇಡ. ಮನೇಲಿ ಕೂತ್ಕೊಂಡು ಬೆಣ್ಣೆ ತಿನ್ನು" ಎಂದು ಎಲ್ಲರೆದುರು ಬೈದೆ. ಅವನು ಮತ್ತೆ ಊದಿದ. ಚೆನ್ನಾಗಿಯೇ ಊದಿದ.

ಅವರೆಲ್ಲ ಊರಿಗೆ ಮರಳಿ ಕೆಲಸ ಶುರುಮಾಡಿ ಕೆಲವು ತಿಂಗಳಾದ ಮೇಲೆ ಎರಡನೇ ತಂಡ ಬಂತು. ಅವತ್ತು ಬೆಳಗ್ಗೆ ಮೇಡಂ ಪಾಠ. ಔಷಧಿ ಗಾಳಿಗೆ ಎಲ್ಲೆಲ್ಲಿ ಹಾರುತ್ತದೆಂದು ತೋರಿಸಲು ಪಂಪಿನಲ್ಲಿ ಕೆಂಪು ಬಣ್ಣದ ನೀರು ತುಂಬಿ, ಬಿಳಿ ಶರ್ಟು ತೊಟ್ಟವನ ಕೈಲಿ ಹೊಡೆಸಿದ್ದರಂತೆ. ನಾನು ಊಟದ ಹೊತ್ತು ಕಳೆದ ಮೇಲೆ ಹೋದವನು, ನನಗೆ ಇದು ಗೊತ್ತಿರಲಿಲ್ಲ. ಮೇಡಂ ಆಚೆ ಯಾರ ಹತ್ತಿರವೋ ಮಾತಾಡುತ್ತಿದ್ದರು. ಕಟ್ಟಿಕೊಂಡಿದೆ ಎಂದು ಹುಡುಗರು ಅದೇ ಪಂಪನ್ನು ಕೊಟ್ಟರು. ನಾಜಲ್ ಬಿಚ್ಚಿ, ಎಲ್ಲರಿಗೂ ಕಾಣುವಂತೆ ತಲೆ ಎತ್ತಿ, ಎರಡು ಸಲ ಊದಿದೆ.

ಹಿಂದಿನ ಸಾಲಿನಿಂದ ಒಬ್ಬ ಕೇಳಿದ: "ಸಾರ್, ಊಟ ಆದ್ಮೇಲೆ ಎಲೆಅಡಿಕೆ ಹಾಕ್ಕಂಡ್ರಾ?"

ಎಲ್ಲರೂ ಗೊಳ್ಳೆಂದರು. ಬಾಗಿಲ ಪಕ್ಕದ ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡೆ. ತುಟಿ, ಹಲ್ಲು, ನಾಲಿಗೆ, ಒಳಗೆ ಗಂಟಲ ಹತ್ತಿರದವರೆಗೂ ಕೆಂಪು. ಊದಿದ್ದಷ್ಟೇ, ಹೀರಿರಲಿಲ್ಲ. ಒಳಗೆ ಹೇಗೆ ಹೋಯಿತು?

ಮೇಡಂ ಓಡಿಬಂದರು. ಅವರು ನಗಲಿಲ್ಲ.

"ಗಾಬರಿ ಆಗ್ಬೇಡಿ ಮೇಷ್ಟ್ರೇ, ಮಿಠಾಯಿಗೆ ಹಾಕೋ ಬಣ್ಣ."

"ನನ್ನ ಮರ್ಯಾದೆ ತೆಗೆಯಕ್ಕೆ ಅಂತ್ಲೇ ಇಟ್ಟಿದ್ರಾ?"

"ಅಯ್ಯೋ, ನೀವು ಬಾಯಲ್ಲಿ ಊದ್ತೀರ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅಂಗಡೀಲೂ ಹೀಗೇ ಊದ್ತೀರಾ?"

"ಇಪ್ಪತ್ತು ವರ್ಷದಿಂದ ಊದ್ತಿದೀನಿ. ಸತ್ತೋಗಿದೀನಾ?"

ಅವರು ದನಿ ತಗ್ಗಿಸಿದರು. "ಸಂಜೆ ತಲೆನೋವು ಬರುತ್ತಾ? ಹೊಟ್ಟೆ ತೊಳಸುತ್ತಾ?"

ದಿನಾ ಸಂಜೆ ತಲೆ ಸಿಡಿಯುತ್ತಿತ್ತು. ಅದನ್ನು ನಾನು ಬಸ್ಸುಗಳ ಹೊಗೆಯ ಮೇಲೆ ಹಾಕಿದ್ದೆ. ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಆದರೂ ಸೋಲಲು ಮನಸ್ಸು ಬರಲಿಲ್ಲ. ಉಳಿದ ಬಣ್ಣದ ಪೊಟ್ಟಣವನ್ನು ಕೇಳಿ ತೆಗೆದುಕೊಂಡೆ. ಬಾಯೊಂದು ಬಿಟ್ಟರೆ ಬೇರೆಲ್ಲೂ ತಾಗುವುದಿಲ್ಲ, ನನ್ನ ಕೆಲಸ ಚೊಕ್ಕಟ ಎಂದು ತೋರಿಸಬೇಕಿತ್ತು. ಮಾರನೆಯ ದಿನ ಅಂಗಡಿಗೆ ಬಂದ ಪಂಪುಗಳಿಗೆಲ್ಲ ಮೊದಲು ಬಣ್ಣದ ನೀರು ಹಾಕಿ, ಆಮೇಲೆ ಎಂದಿನಂತೆ ಬಿಚ್ಚಿದೆ. ಊದುವುದೊಂದನ್ನು ಬಿಟ್ಟೆ, ಅಷ್ಟೇ. ಹೆಂಡತಿ ಎಂದಿನಂತೆ ಮಧ್ಯಾಹ್ನ ಬುತ್ತಿ ತಂದು, ಪಕ್ಕದಲ್ಲಿ ಕೂತು ವಾಷರುಗಳನ್ನು ತೊಳೆದುಕೊಟ್ಟಳು.

ಸಂಜೆ ಇಬ್ಬರೂ ನೋಡುತ್ತ ಹೋದೆವು. ನೀರಿನ ಬಿಂದಿಗೆಯ ಕಂಠದಲ್ಲಿ ಕೆಂಪು. ಕುಡಿಯುವ ಲೋಟದ ಅಂಚಿನಲ್ಲಿ ಕೆಂಪು. ಅವಳು ಬೆವರು ಒರೆಸಿಕೊಂಡ ಸೆರಗಿನಲ್ಲಿ, ಕಿವಿಯ ಹಿಂದೆ.

"ರೀ, ಇಲ್ನೋಡಿ" ಎಂದು ಅವಳು ಬುತ್ತಿಯ ಮುಚ್ಚಳ ತಿರುಗಿಸಿದಳು. ಒಳಮಗ್ಗುಲಲ್ಲಿ, ಮೊಸರನ್ನ ತಾಗುವ ಜಾಗದಲ್ಲಿ, ನನ್ನ ಎರಡು ಬೆರಳು ಅಚ್ಚೊತ್ತಿದ್ದವು.

ಶಂಕರಪುರದ ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ತೊಳೆದುಕೊಂಡೆವು. ಕೊನೆಗೆ ಅವಳು ಕೇಳಿದಳು: "ಆ ಹುಡುಗರಿಗೂ ಹೀಗೇ ಹೇಳ್ಕೊಟ್ರಾ?"

ಅಲ್ಲಿಯವರೆಗೂ ನಾನು ನನ್ನ ಗಂಟಲನ್ನೇ ಯೋಚಿಸುತ್ತಿದ್ದೆ. ಮೊದಲ ತಂಡದ ಆ ಇಪ್ಪತ್ತು ಜನ ನೆನಪಾಗಿ ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅವರು ಊದುತ್ತಿರುವುದು ಮಿಠಾಯಿ ಬಣ್ಣವನ್ನಲ್ಲ. ತುಟಿ ಒರೆಸಿಕೊಂಡವನಿಗೆ ಬುದ್ಧಿ ಇತ್ತು. ಬೈದು ಬಿಡಿಸಿದವನು ನಾನು.

ಬೆಳಗ್ಗೆ ಮೇಡಂ ಹತ್ತಿರ ಹೋಗಿ ಆ ತಂಡದವರ ವಿಳಾಸ ಕೇಳಿದೆ. "ನಾನೇ ಒಂದು ಪತ್ರ ಟೈಪ್ ಮಾಡಿಸ್ತೀನಿ ಬಿಡಿ" ಎಂದರು.

"ಬೇಡ ಮೇಡಂ. ಅವ್ರು ನನ್ನ ಮಾತು ಕೇಳಿ ಕಲ್ತಿರೋದು. ನಾನೇ ಬರೀಬೇಕು."

ಪೋಸ್ಟಾಫೀಸಿನಿಂದ ಇಪ್ಪತ್ತು ಕಾರ್ಡು ತಂದೆ. ರಶೀದಿಗೆ ಸಹಿ ಹಾಕುವುದು ಬಿಟ್ಟರೆ ನಾನು ಬರೆದು ಎಷ್ಟೋ ಕಾಲವಾಗಿತ್ತು. ಮೂರು ದಿನ ಹಿಡಿಯಿತು. 'ನಾಜಲ್ ಬಾಯಲ್ಲಿ ಊದಬೇಡಿ. ನಾನು ಕಲಿಸಿದ್ದು ತಪ್ಪು. ನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ. ಆ ಬ್ರಷ್ಷನ್ನು ಮನೆ ಒಳಗೆ ತರಬೇಡಿ.' ಇಪ್ಪತ್ತು ಸಲ 'ತಪ್ಪು' ಎಂದು ಬರೆದೆ. ಮೊದಲ ಕಾರ್ಡಿನಲ್ಲಿ ಅಕ್ಷರ ಸೊಟ್ಟಗಿತ್ತು, ಆಮೇಲಾಮೇಲೆ ನೆಟ್ಟಗಾಯಿತು.

ಹದಿನೈದು ದಿನ ಕಳೆದ ಮೇಲೆ ಅವರಲ್ಲೊಬ್ಬ ಅಂಗಡಿಗೆ ಬಂದ. ತನ್ನೂರಿನ ಬಸ್‌ಸ್ಟಾಂಡಿನ ಹತ್ತಿರ ಸ್ವಂತ ಅಂಗಡಿ ಇಟ್ಟಿದ್ದನಂತೆ. ಕಾರ್ಡನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದ.

"ಸಾರ್, ಇದು ನೀವೇ ಬರ್ದಿದ್ದಾ? ಯಾರೋ ತಮಾಷೆ ಮಾಡವ್ರೆ ಅನ್ಕಂಡೆ."

"ನಾನೇ ಕಣಪ್ಪ. ಊದೋದು ಬಿಟ್ಟ್ಯಾ?"

"ನಾನು ಬಿಟ್ಟೆ ಸಾರ್." ಅವನು ತಲೆ ಕೆರೆದುಕೊಂಡ. "ಆದ್ರೆ ನಮ್ಮ ಸುತ್ತಮುತ್ತ ಇನ್ನಾರು ಜನಕ್ಕೆ ನಾನೇ ಹೇಳ್ಕೊಟ್ಟಿದೀನಿ. ನೀವು ಬೈದಂಗೇ ಬೈದು ಊದ್ಸಿದೀನಿ."

ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಆ ಆರು ಜನರ ಹೆಸರು, ಊರು ಒಂದೊಂದಾಗಿ ಹೇಳು ಎಂದೆ. ಅವರು ಯಾರಿಗಾದರೂ ಹೇಳಿಕೊಟ್ಟಿದ್ದಾರೆಯೇ ಎಂದು ಕೇಳಿದ್ದಕ್ಕೆ ಅವನು, "ಇಬ್ರು ಹೇಳ್ಕೊಟ್ಟವ್ರೆ ಅನ್ಸುತ್ತೆ ಸಾರ್" ಎಂದ. ಅಂಗಡಿಯ ಬಾಗಿಲು ಎಳೆದು, ಅವನ ಜೊತೆ ಮಧ್ಯಾಹ್ನದ ಬಸ್ಸು ಹತ್ತಿದೆ.