ಮಡಚದ ಕಾಲು

ನನ್ನ ತಂಗಿ ತೀರಿಕೊಂಡ ಮೇಲೆ ಫೋನಿಗೆ ಬಂದ ಬರಹಗಳನ್ನೆಲ್ಲ ಓದಿದೆ. ಬಾಸ್ಕೆಟ್‌ಬಾಲ್ ಆಡಿ ದೇಶಕ್ಕೆ ಹೆಸರು ತಂದವಳು, ನಮ್ಮ ಕಡೆಯ ಹುಡುಗಿಯರಿಗೆ ದಾರಿ ಮಾಡಿಕೊಟ್ಟವಳು, ಹಕ್ಕಿಯ ಹಾಗೆ ಜಿಗಿಯುತ್ತಿದ್ದವಳು. ಎಲ್ಲರೂ ಜಿಗಿತದ ಬಗ್ಗೆಯೇ ಬರೆದಿದ್ದಾರೆ. ಮೊಣಕಾಲಿನ ಸುದ್ದಿ ಒಬ್ಬರೂ ಎತ್ತಿಲ್ಲ. ಮೊಮ್ಮಗಳು ಈಚೆಗೆ ನನಗೆ ಟೈಪು ಮಾಡುವುದನ್ನು ಕಲಿಸಿದ್ದಾಳೆ. ಮೊಣಕಾಲಿನದನ್ನು ನಾನೇ ಬರೆಯುತ್ತೇನೆ.

ಅವಳು ಮೊದಲಿನಿಂದಲೂ ಉದ್ದ. ಅವ್ವ ಇಳಕಲ್ಲಿನಿಂದ ತಂದ ಸೀರೆ ನಾನು ಉಟ್ಟರೆ ನೆಲ ಗುಡಿಸುತ್ತಿತ್ತು, ಅವಳು ಉಟ್ಟರೆ ಪಾದದಿಂದ ಗೇಣು ಮೇಲೆಯೇ ನಿಲ್ಲುತ್ತಿತ್ತು. ಹಳೇ ಬಾಗಲಕೋಟೆಯ ನಮ್ಮ ಶಾಲೆಯ ಬಯಲು ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಅಲ್ಲಿ ಮಾಸ್ತರರೊಬ್ಬರು ಕಂಬಕ್ಕೆ ಕಬ್ಬಿಣದ ಬಳೆ ಬಡಿಸಿದ್ದರು. ಉಳಿದವರು ಅದರೊಳಗೆ ಚೆಂಡು ಎಸೆಯುತ್ತಿದ್ದರು, ಇವಳು ಗೂಡಿನಲ್ಲಿ ದೀಪ ಇಟ್ಟಂತೆ ಇಟ್ಟು ಬರುತ್ತಿದ್ದಳು. ವರ ನೋಡುವ ವಯಸ್ಸಿಗೆ ದೂರದ ದೊಡ್ಡ ಊರಿನ ತಂಡವೊಂದು ಸಂಬಳ ಕೊಟ್ಟು ಆಡಲು ಕರೆಯಿತು.

"ಆಟಾ ಆಡಾಕ ಪಗಾರ ಕೊಡ್ತಾರಂತ, ಖರೇ ಇದ್ದೀತೇನ?" ಎಂದು ಅಪ್ಪ ಓಣಿಯವರನ್ನೆಲ್ಲ ಕೇಳಿಕೊಂಡು ಬಂದ.

ಖರೆಯೇ ಆಗಿತ್ತು. ಅವಳು ನಾಯಕಿಯಾದಳು, ಪರದೇಶಗಳಲ್ಲಿ ಆಡಿದಳು. ಅವಳಿದ್ದ ತಂಡ ಸೋತರೆ ಅದೇ ಸುದ್ದಿಯಾಗುತ್ತಿತ್ತು. ಎಡ ಮೊಣಕಾಲು ಊದಿದರೆ ಸೂಜಿ ಚುಚ್ಚಿಸಿಕೊಂಡು ಅಂಕಣಕ್ಕೆ ಇಳಿಯುತ್ತಿದ್ದಳು. ಆಡೆಂದು ಯಾರೂ ಒತ್ತಾಯಿಸಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ. ಆಟ ಮುಗಿಸಿ ನವನಗರದ ನಮ್ಮ ಮನೆಗೆ ಬಂದಾಗ ಕಪ್ಪುಗಳಿದ್ದವು, ಕಾಲಿರಲಿಲ್ಲ ಅನ್ನಿ. ಮೇಲಿಂದ ಮೇಲೆ ಆಪರೇಷನ್ ಆದವು. ಕೀವು ನಿಲ್ಲದೆ ಕೊನೆಗೆ ಒಳಗೆ ಸಲಾಕೆ ಹಾಕಿ ಎಲುಬು ಕೂಡಿಸಿದರು. ಆಮೇಲೆ ಆ ಕಾಲು ಮಡಚಲೇ ಇಲ್ಲ.

ಬಾದಾಮಿ ಬಸ್ಸಿನಲ್ಲಿ ಅವಳ ಕಾಲು ನಡುದಾರಿಗೆ ಚಾಚಿಕೊಂಡಿರುತ್ತಿತ್ತು.

"ಕಾಲ ತಗೀಬೇ ಯಕ್ಕಾ, ಮಂದಿ ಅಡ್ಯಾಡಬೇಕು," ಎಂದು ಕಂಡಕ್ಟರ್ ಒದರುತ್ತಿದ್ದ.

"ಮಡಚೂದಿಲ್ಲೋ ತಮ್ಮಾ. ದಾಟಿ ಹೋಗು."

ಮನುಷ್ಯರ ಕಾಲು ದಾಟುವುದಕ್ಕೆ ನಮ್ಮ ಮಂದಿ ಹಿಂಜರಿಯುತ್ತಾರೆ. ಆದರೂ ದಾಟುತ್ತಿದ್ದರು. ಅವಳು ಕಿಟಕಿಯ ಕಡೆ ಮುಖ ಮಾಡಿರುತ್ತಿದ್ದಳು.

ನಾವು ಲಿಂಗವಂತರು. ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂಡಿಸಿಯೇ ಮಣ್ಣು ಕೊಡುತ್ತೇವೆ. ಒಮ್ಮೆ ಚೊಳಚಗುಡ್ಡದಲ್ಲಿ ಬಂಧುವೊಬ್ಬರು ಹೋದಾಗ ಸುದ್ದಿ ತಿಳಿಯುವುದು ತಡವಾಗಿ ದೇಹ ಸೆಟೆದಿತ್ತು. ಕಾಲನ್ನು ಒತ್ತಿ ಮಡಚುವಾಗ ಆದ ಸಪ್ಪಳ ನಮ್ಮಿಬ್ಬರಿಗೂ ಕೇಳಿಸಿತು. ಮನೆಗೆ ಬಂದು ಅವಳು ಊಟಕ್ಕೆ ಏಳಲಿಲ್ಲ.

"ಯಕ್ಕಾ, ನನ್ನ ಕಾಲೂ ಮುರೀತಾರೇನ?"

"ಯಾಕ ಮುರೀತಾರ?"

"ಕುಂಡ್ರಸೂ ಮುಂದ. ನಂದು ಕೈಲೆ ಒತ್ತಿದ್ರ ಮಡಚೂದಿಲ್ಲ. ಸುತ್ತಿಗಿ ತರ್ತಾರ."

"ನಿನ್ನಷ್ಟ ಉದ್ದಂದು ತೆಗ್ಗ ತಗಸ್ತೇನಿ ಬಿಡ. ಒಳಗೊಂದು ಬಳಿನೂ ಬಡಸ್ತೇನಿ, ಆಡಿಕೋಂತ ಕುಂಡ್ರು."

ನಕ್ಕಳು. ಆಮೇಲೆ ನನ್ನ ಕೈ ಬಿಡಲಿಲ್ಲ. "ಮಲಗಸಬ್ಯಾಡ. ಎಲ್ಲಾರಂಗ ಕುಂಡ್ರಸು. ಆದ್ರ ಮುರೀಗೊಡಬ್ಯಾಡ. ಭಾಳ ನೋಯಿಸೇನಿ ನಾ ಅದನ್ನ."

ಆಗಲಿ ಎಂದೆ. ಹೇಗೆಂದು ನನಗೂ ಗೊತ್ತಿರಲಿಲ್ಲ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಚಹಾ ಕೊಡಲು ಹೋದಾಗ ಅವಳು ಉಸಿರಾಡುತ್ತಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ಬಲಗಾಲನ್ನು ನಾನೇ ಮಡಚಿದೆ. ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದೆವು. ಎಡಗಾಲು ಬಾಗಿಲಿನ ಕಡೆಗೆ ಚಾಚಿಕೊಂಡೇ ಇತ್ತು. ಬಂದವರೆಲ್ಲ ಮೊದಲು ಅದನ್ನೇ ನೋಡಿದರು.

ಹುನಗುಂದದಿಂದ ನಮ್ಮ ಅಣ್ಣನ ಮಗ ಬಂದ. ಅವರ ಹೊಲದಲ್ಲೇ ನಮ್ಮ ಮನೆತನದ ಸಮಾಧಿಗಳಿವೆ. ಅವನು ಕಾಲಿನ ಕಡೆ ಕೈ ಮಾಡಿ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರನ್ನು ಕೇಳಿದ, "ಇದಕ್ಕೇನ್ ಮಾಡೂದ್ರಿ? ಸಲಾಕಿ ಕೊಯ್ಯಾಕ ಗ್ಯಾರೇಜಿನವ್ನ ಕರಸ್ಲೇನ್ರಿ?"

ನಾನು ಆ ಕಾಲಿನ ಪಕ್ಕದಲ್ಲೇ ಕುಳಿತು, ನನ್ನ ಕಾಲನ್ನೂ ಚಾಚಿ ಅದರ ಮೇಲೆ ಅಡ್ಡ ಇಟ್ಟೆ.

"ಕರಸೋ. ಮೊದಲ ನಂದು ಮುರೀಲಿ. ಹೆಂಗೂ ಹಳೇದಾಗೇತಿ."

"ಅತ್ತೀ, ಸತ್ತ ಮನ್ಯಾಗ ಚ್ಯಾಷ್ಟಿ ಮಾಡಬ್ಯಾಡ. ಪದ್ಮಾಸನ ಇಲ್ಲದ ಹೆಂಗ ಮಣ್ಣ ಕೊಡೂದು?"

"ಅಯ್ಯನೋರ, ನೀವ ಹೇಳ್ರಿ. ಇಷ್ಟ ವರ್ಷ ಆಕಿ ಕಾಲ ಚಾಚೇ ಲಿಂಗಪೂಜಿ ಮಾಡ್ಯಾಳ. ಅವಾಗ ಒಪ್ಪಿಕೊಂಡ ದೇವರು ಇವತ್ತ ಒಲ್ಲೆ ಅಂತಾನೇನ್ರಿ?"

"ತೆಗ್ಗ ತಗಸ್ರಿ," ಎಂದರು ಅಯ್ಯನವರು. "ಕಾಲಿಗೆ ಜಾಗಾ ಬಿಡ್ರಿ."

ಕರಿಮಣ್ಣಿನಲ್ಲಿ ಚೌಕ ತೆಗ್ಗು, ಅದರ ಮುಂದೆ ಕಾಲಿಗೊಂದು ಕಾಲುವೆ. ಅವಳನ್ನು ಕೂಡಿಸಿದರು. ವಿಭೂತಿ, ಪತ್ರಿ ಹಾಕಲು ಅಯ್ಯನವರು ಒಳಗೆ ಇಳಿದರು. ಆ ಕಾಲು ಅಡ್ಡವಿತ್ತು. ಅಲ್ಲೇ ನಿಂತುಬಿಟ್ಟರು.

"ದಾಟ್ರೀ ಅಯ್ಯನೋರ," ಎಂದೆ ಮೇಲಿನಿಂದ. "ಆಕಿಗೆ ರೂಢಿ ಐತಿ."

ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು. ಅಯ್ಯನವರು ದಾಟಿದರು.

ಊರಿಗೆ ಬಂದ ಮೇಲೆ ಅವಳು ಆಟ ಕಲಿಸಿದ ಹುಡುಗಿಯರು ಆಟದ ಅಂಗಿಯಲ್ಲೇ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಕುಕ್ಕರಗಾಲಿನಲ್ಲಿ ಕುಳಿತು ಹಿಡಿ ಮಣ್ಣು ಹಾಕಿದರು. ಎಲ್ಲರಿಗಿಂತ ಉದ್ದನೆಯ ಹುಡುಗಿ ಮಾತ್ರ ಕುಳಿತುಕೊಳ್ಳಲಿಲ್ಲ. ಒಂದು ಕಾಲನ್ನು ಸೆಟೆಸಿಕೊಂಡು, ಸೊಂಟದಿಂದ ಬಗ್ಗಿ ಮಣ್ಣು ಎತ್ತಿದಳು. ಮೊಣಕಾಲಿಗೆ ಪಟ್ಟಿ ಸುತ್ತಿತ್ತು.

"ನೋಯ್ತೈತೇನವಾ?"

"ಇಲ್ಲಜ್ಜಿ." ಆಚೀಚೆ ನೋಡಿ ದನಿ ತಗ್ಗಿಸಿದಳು. "ಯಾರ ಮುಂದೂ ಹೇಳಬ್ಯಾಡ್ರಿ. ಫೈನಲ್ ಐತ್ರಿ. ಒಂದ ಸೂಜಿ ಮಾಡಿಸ್ಕೊಂಡ್ರ ಆತು."

"ಕುಂತು ಹಾಕವಾ ಮಣ್ಣ," ಎಂದೆ. "ಒಮ್ಮೆ ಕುಂತು ತೋರ್ಸು ನನಗ."

ಅವಳು ನಿಂತೇ ಹಾಕಿದಳು.