ಹೊಸ ಬೈರಿಗೆಗೆ ಜಾಲಿಯ ಹಿಡಿ

ನಮ್ಮ ಮಾವ ಕಂಪ್ಲಿಯಲ್ಲಿ ಬಂಡಿಯ ಗಾಲಿ ಮಾಡುತ್ತಿದ್ದರು. ಆಗಿನ್ನೂ ನಮ್ಮ ಸೀಮೆ ಮದ್ರಾಸಿಗೆ ಸೇರಿತ್ತು. ಮಾವ ಮರ ಕೆತ್ತುವ ಬಾಚಿ ಬೀಸಿದರೆ ಚಕ್ಕೆಗಳು ಎಷ್ಟು ನಯವಾಗಿ ಏಳುತ್ತಿದ್ದವೆಂದರೆ, ಒಲೆಗೆ ಹಾಕಲು ನನಗೆ ಮನಸ್ಸು ಬರುತ್ತಿರಲಿಲ್ಲ. ನನ್ನ ಯಜಮಾನರೂ ತಮ್ಮ ಅಪ್ಪನಿಂದ ಅದೇ ಕೆಲಸ ಕಲಿತವರು. ಮದುವೆಯಾದ ಮೇಲೆ ಹೊಸಪೇಟೆಯ ಒಂದು ಕಟ್ಟಿಗೆ ಮಿಲ್ಲಿಗೆ ಸೇರಿದರು. ಅಲ್ಲಿ ಉಗಿಯಿಂದ ತಿರುಗುವ ಗರಗಸಕ್ಕೆ ಸಿಕ್ಕಿ ಅವರ ಬಲಗೈಯ ಕಿರುಬೆರಳು, ಉಂಗುರಬೆರಳು ಎರಡೂ ಹೋದವು.

ಗಾಯ ಮಾದ ಮೇಲೆ ಊರಿಗೆ ಬಂದರು. ಬಾಚಿ ಹಿಡಿದರೆ ಜಾರುತ್ತಿತ್ತು. ಒಮ್ಮೆ ಅದು ಕೈತಪ್ಪಿ ಹಾರಿ ಗೋಡೆಗೆ ಬಡಿಯಿತು. ಅಂದಿನಿಂದ ಅವರು ಗಾಲಿಯ ಕೆಲಸ ನಡೆಯುವ ಅಂಗಳಕ್ಕೇ ಇಳಿಯಲಿಲ್ಲ.

ಊರಿಗೆ ಹೊರಟಾಗ ಮಿಲ್ಲಿನ ಮೇಸ್ತ್ರಿ ಅವರಿಗೊಂದು ಬೈರಿಗೆ ಕೊಟ್ಟಿದ್ದ. ಹಲ್ಲಿನ ಚಕ್ರದ್ದು, ಎದೆಗೆ ಒತ್ತಿಕೊಂಡು ಕೈಯಿಂದ ತಿರುವಿದರೆ ಮರ ಕೊರೆಯುವಂಥದ್ದು. ಅದು ಚೀಲದಲ್ಲೇ ಬಿದ್ದಿತ್ತು. ನಾನೇ ಹೊರಗೆ ತೆಗೆದು ಯಜಮಾನರನ್ನು ಕೇಳಿದೆ, "ಇದನ್ನ ಬೀಸೋದು ಬ್ಯಾಡಲ್ರಿ, ತಿರುವಿದ್ರ ಸಾಕಲ್ಲ?"

ಮಾವ ಮಗನತ್ತ ತಿರುಗಿ ಮುಖ ಸಿಂಡರಿಸಿದರು. "ಆ ಮಿಲ್ಲಿನ ಗರಗಸ ನಿನ್ನ ಬೆರಳು ತಿಂದೈತಿ. ಅದರ ತಮ್ಮನ್ನ ಮನಿಗ್ಯಾಕ ತಂದಿ?"

ಯಜಮಾನರು ಗಾಲಿಯ ನಡುವಿನ ಗುಂಬವನ್ನು ಮುಂದಿಟ್ಟುಕೊಂಡು ಕೂತರು. ಗಾಲಿಯ ಕಡ್ಡಿಗಳಾದ ಅರಗಳು ಕೂರುವ ಕಡೆಯಲ್ಲೆಲ್ಲ ಕೊರೆದರು. ಬೈರಿಗೆಯ ಹಿಡಿ ಸಣ್ಣದು, ಉಳಿದ ಬೆರಳುಗಳಿಂದ ಮತ್ತೆ ಮತ್ತೆ ಜಾರಿ ಅಂಗೈ ಸುಲಿಯಿತು. ಆದರೂ ಬಿಡಲಿಲ್ಲ. ಮಾವ ಕೊನೆಗೆ ಬಂದು, ಒಂದು ಕಣ್ಣು ಮುಚ್ಚಿ ತೂತಿನೊಳಗೆ ನೋಡಿದರು.

"ನೆಟ್ಟಗೈತಿ," ಎಂದಷ್ಟೇ ಹೇಳಿ ಎದ್ದುಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಮಾವ ಬೈರಿಗೆಯ ಆ ಸಣ್ಣ ಹಿಡಿಯನ್ನು ಬಿಚ್ಚಿಟ್ಟು ಜಾಲಿಯ ತುಂಡೊಂದನ್ನು ಕೆತ್ತುತ್ತಿದ್ದರು.

"ಲೇ, ಕೈ ತೋರ್ಸು," ಎಂದು ಮಗನನ್ನು ಕರೆದರು.

ಬೆರಳು ಹೋದಾಗಿನಿಂದ ಆ ಕೈಯನ್ನು ಮಾವ ಕಣ್ಣೆತ್ತಿ ನೋಡಿರಲಿಲ್ಲ. ಈಗ ಅದನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಜಾಲಿಯ ತುಂಡನ್ನು ಒತ್ತಿ ನೋಡಿದರು, ಉಳಿಯಿಂದ ತುಸು ತೆಗೆದರು, ಮತ್ತೆ ಒತ್ತಿದರು. ಬೆರಳಿಲ್ಲದ ಕಡೆ ಮರವನ್ನೇ ಉಬ್ಬಾಗಿ ಬಿಟ್ಟರು, ಅಂಗೈ ತುಂಬುವ ಹಾಗೆ.

"ಈಗ ಹೆಂಗೈತಿ?"

ಯಜಮಾನರು ತಿರುವಿ ನೋಡಿದರು. "ಜಾರವಲ್ದಪ್ಪಾ," ಎಂದರು.

ಅಲ್ಲಿಂದ ಅಪ್ಪ ಮಗ ಇಬ್ಬರದೂ ಒಂದೇ ಕೆಲಸವಾಯಿತು. ಮಗ ಕೊರೆದ ತೂತುಗಳನ್ನು ಅಪ್ಪ ಉಳಿ, ಕೊಡತಿ ಹಿಡಿದು ಚೌಕ ಮಾಡುತ್ತಿದ್ದರು. ಅರಗಳು ಎಷ್ಟು ಬಿಗಿಯಾಗಿ ಕೂರುತ್ತಿದ್ದವೆಂದರೆ, ಸಂಡೂರಿನ ಗುಡ್ಡದಿಂದ ಅದಿರು ಇಳಿಸುವ ಬಂಡಿಯವರೂ ನಮ್ಮಲ್ಲಿಗೆ ಹುಡುಕಿಕೊಂಡು ಬರತೊಡಗಿದರು. ಒಬ್ಬ ಬಂಡಿಯವನು ಗಾಲಿ ತಟ್ಟಿ ನೋಡಿ, "ಭಾಳ ಗಟ್ಟಿ ಐತ್ರಿ. ಇದು ನಿಮ್ಮ ಕೈದೋ, ಮಗಂದೋ?" ಎಂದು ಕೇಳಿದ.

"ಬೈರಿಗಿ ಅವಂದು, ಉಳಿ ನಂದು. ಗಾಲಿ ಯಾರದಂತ ಹೆಂಗ ಹೇಳ್ಲಿ?" ಎಂದರು ಮಾವ.

ಅಷ್ಟರಲ್ಲಿ ಗಾಲಿಗೆ ಹಾಕುವ ಕಬ್ಬಿಣದ ಪಟ್ಟಿ ಬೆಂಕಿಯಲ್ಲಿ ಕೆಂಪಾಗಿತ್ತು. ಅಪ್ಪ ಮಗ ಎದುರುಬದುರು ನಿಂತು ಇಕ್ಕಳದಲ್ಲಿ ಎತ್ತಿ ಕೂರಿಸಿದರು. ಪಟ್ಟಿ ಕುಗ್ಗಿ ಗಾಲಿಗೆ ಬಿಗಿಯಲೆಂದು ನಾನು ಕೊಡದಿಂದ ನೀರು ಸುರಿದೆ.