ಓನರಮ್ಮನ ಮುಂದಿನ ಆರು ತಿಂಗಳು

ಅವರ ಬಲಗೈ ತೋರುಬೆರಳಿನ ತುದಿ ಸದಾ ಅರಿಶಿನ. ಆ ಬೆರಳನ್ನೇ ಲ್ಯಾಪ್‌ಟಾಪ್ ಪರದೆಯ ಮೇಲೆ ಎಳೆದೂ ಎಳೆದೂ ಗಾಜಿನ ಮೇಲೊಂದು ಹಳದಿ ಕಲೆ ಉಳಿದುಬಿಟ್ಟಿತ್ತು. ಸಂಜಯನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮ ಅವರು. ಅಲ್ಲಿ ಬಡಾವಣೆ ಏಳುವ ಮೊದಲಿದ್ದ ಹಳ್ಳಿಯಲ್ಲೇ ಹುಟ್ಟಿ ಬೆಳೆದವರು, ಸರ್ಕಾರಿ ಕಚೇರಿಯ ಗುಮಾಸ್ತೆಯಾಗಿ ನಿವೃತ್ತರಾದವರು. ಕೆಳಗೆ ಅವರೊಬ್ಬರೇ, ಮೇಲೆ ನಾನು ಮತ್ತು ನನ್ನ ಮಗಳು.

ಕೆಂಪಾಪುರದಲ್ಲಿದ್ದ ಅವರ ಮಗಳು ಮನೆ ಖರ್ಚು ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಳು. ಯಾವ ತಾರೀಖಿಗೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಮೊದಲೇ ತುಂಬಿಟ್ಟರೆ ಸಾಕು. ಮುಂದಿನ ಆರು ತಿಂಗಳಲ್ಲಿ ಯಾವ ದಿನ ಬ್ಯಾಂಕಿನಲ್ಲಿ ಎಷ್ಟು ಉಳಿದಿರುತ್ತದೆ ಎಂದು ಅದು ಗೀಟೆಳೆದು ತೋರಿಸುತ್ತಿತ್ತು. ಸೊನ್ನೆಯಿಂದ ಕೆಳಗಿಳಿದರೆ ಕೆಂಪು. ಬೀದಿಯ ಹೆಂಗಸರೆಲ್ಲ ಧಾರಾವಾಹಿ ನೋಡುವ ಹೊತ್ತಿನಲ್ಲಿ ಈ ಮಹಾತಾಯಿ ಆ ಗೀಟು ನೋಡುತ್ತಿದ್ದರು.

ಒಮ್ಮೆ ನಾನು ಫ್ರಿಜ್ ಕೊಳ್ಳಲು ಹೊರಟೆ. ಖಾತೆಯಲ್ಲಿ ನಲವತ್ತು ಸಾವಿರ ಇದೆ ಎಂದು ಜಂಬ ಕೊಚ್ಚಿಕೊಂಡೆ. "ಕೂತ್ಕೊಳವ್ವ ಇಲ್ಲಿ" ಎಂದವರೇ ನನ್ನ ಸಂಬಳ, ಬಾಡಿಗೆ, ಮಗಳ ಸ್ಕೂಲ್ ಫೀಸು, ವರ್ಷಕ್ಕೊಮ್ಮೆ ಕಟ್ಟುವ ಇನ್ಶೂರೆನ್ಸು, ಜೊತೆಗೆ ಫ್ರಿಜ್ಜಿನ ಬೆಲೆ ಎಲ್ಲವನ್ನೂ ಬಾಯಿ ಬಿಡಿಸಿ ತುಂಬಿದರು. ಹತ್ತೊಂಬತ್ತನೇ ತಾರೀಖಿಗೆ ಗೀಟು ದಬಕ್ಕನೆ ಕೆಂಪಿಗೆ ಬಿತ್ತು.

"ನೋಡ್ದಾ? ಇವತ್ತಿರೋ ದುಡ್ಡು ನೋಡಿ ಇಂಗೆ ಎಗರಾಡ್ಬಾರ್ದು ಕಣವ್ವ. ಅದ್ರಲ್ಲಿ ನಿಂದೆಷ್ಟು, ಸ್ಕೂಲಿನೋರ್ದೆಷ್ಟು ನೋಡ್ಕೋ." ಫ್ರಿಜ್ ಆಸೆ ಅಲ್ಲಿಗೇ ಬಿಟ್ಟೆ.

ಅದಾಗಿ ಎರಡು ವರ್ಷಕ್ಕೆ, ನಾನು ಕೆಂಪು ಇಂಕಿನಲ್ಲಿ ಕರಡು ತಿದ್ದುತ್ತಿದ್ದ ಯಶವಂತಪುರದ ಪ್ರೆಸ್ ಮುಚ್ಚಿತು. ಓನರಮ್ಮನಿಗೆ ಹೇಳಲಿಲ್ಲ. ಮನೆ ಖಾಲಿ ಮಾಡು ಎಂದುಬಿಟ್ಟರೆ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು, ಕೆಲಸ ಕೇಳಿ ಅಲೆದು, ಮಿಕ್ಕ ಹೊತ್ತು ಯಶವಂತಪುರ ಸ್ಟೇಷನ್ನಿನ ಬೆಂಚಿನ ಮೇಲೆ ಕಳೆದು ಸಂಜೆ ಬರುತ್ತಿದ್ದೆ. ಎಂಥ ನಾಟಕ!

ದಸರೆ ಕಳೆದ ಮೇಲೆ ಒಂದು ಭಾನುವಾರ ಕರೆದರು. "ಬಾರವ್ವ, ಅಕ್ಷರ ಒಂಚೂರು ದಪ್ಪ ಮಾಡ್ಕೊಡು. ಎಲ್ಲಾ ಮಂಜು ಮಂಜು." ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಮುಂದಿನ ತಿಂಗಳು ಆಪರೇಷನ್ ಎಂದು ಗೊತ್ತುಮಾಡಿದ್ದರು. ಅಕ್ಷರ ದೊಡ್ಡದು ಮಾಡಿ ನೋಡುತ್ತೇನೆ: ‘ಮೇಲಿನ ಮನೆ ಬಾಡಿಗೆ’ ಎಂಬಲ್ಲಿ ಮುಂದಿನ ಮೂರು ತಿಂಗಳು ಸೊನ್ನೆ, ಸೊನ್ನೆ, ಸೊನ್ನೆ. ಅದರ ಕೆಳಗಿದ್ದ ‘ಕಣ್ಣಿನ ಆಪರೇಷನ್’ ಸಂಕ್ರಾಂತಿಯ ಆಚೆಗೆ ಹೋಗಿ ಕೂತಿತ್ತು. ಹಾಗೆ ಮಾಡಿದ್ದರಿಂದಲೇ ಗೀಟು ಕೆಂಪಾಗದೆ ಸೊನ್ನೆಗಿಂತ ಒಂದು ಕೂದಲೆಳೆ ಮೇಲೆ ಹೋಗುತ್ತಿತ್ತು.

"ಅಮ್ಮಾ, ನಿಮಗೆ ಯಾರು ಹೇಳಿದ್ರು?"

"ಯಾರ್ ಯಾಕೆ ಏಳ್ಬೇಕು? ಇಪ್ಪತ್ತು ದಿನದಿಂದ ನಿನ್ ಬೆರಳಲ್ಲಿ ಕೆಂಪು ಇಂಕಿಲ್ಲ."

"ಆದ್ರೆ ನಿಮ್ಮ ಕಣ್ಣು..."

"ಕಣ್ಣು ಎಲ್ಲಿಗ್ ಓಡೋಯ್ತದೆ? ಸುಮ್ನೆ ಕೆಲ್ಸ ಹುಡುಕ್ಕೋ ಓಗು."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಸದ್ಯ, ಸೂರು ಉಳಿಯಿತಲ್ಲ ಎಂದು ಒಳಗೊಳಗೇ ಹಗುರಾದೆ. ಥೂ, ನನ್ನ ಜನ್ಮಕ್ಕಿಷ್ಟು!

ಮೂರನೇ ತಿಂಗಳು ಆರ್.ಟಿ. ನಗರದಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳಕ್ಕೆ ಇನ್ನೂ ನಾಲ್ಕು ದಿನವಿತ್ತು. ಅವತ್ತು ಬೆಳಿಗ್ಗೆ ಓನರಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕಿ ಇಳಿಯುವಾಗ ಮೆಟ್ಟಿಲು ಕಾಣದೆ ಉರುಳಿದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅವರ ಮಗಳು ಮಂಚದ ಒಂದು ಕಡೆ, ನಾನು ಇನ್ನೊಂದು ಕಡೆ.

"ಇಷ್ಟು ಪೊರೆ ಬಂದಿದೆ, ಆಪರೇಷನ್ ಯಾಕೆ ಮಾಡಿಸ್ಲಿಲ್ಲ?" ಡಾಕ್ಟರು ಕೇಳಿದರು. ಮಗಳು ಅಮ್ಮನ ಮುಖ ನೋಡಿದಳು. ನಾನು ಹೊದಿಕೆಯ ಅಂಚು ಸರಿಮಾಡತೊಡಗಿದೆ.

"ನಂದೇ ಸೋಮಾರಿತನ ಡಾಕ್ಟ್ರೇ. ಇವತ್ತು ನಾಳೆ ಅಂತ ಬಿಟ್ಬಿಟ್ಟೆ" ಎಂದರು ಓನರಮ್ಮ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಐದನೇ ದಿನ ಹೋಗಿಬಿಟ್ಟರು. ಆಮೇಲೆ ಒಂದಿಷ್ಟು ದಿನಕ್ಕೆ ಮೂರು ತಿಂಗಳ ಬಾಡಿಗೆ ಒಟ್ಟುಮಾಡಿ ಅವರ ಮಗಳ ಕೈಗಿಟ್ಟೆ. "ಅಮ್ಮ ಯಾವ ಬಾಕೀನೂ ಹೇಳಿರ್ಲಿಲ್ವಲ್ಲ, ಯಾವ ದುಡ್ಡಿದು?" ಎಂದಳು. ಏನೋ ತೊದಲಿ ಬಂದೆ. ಅದು ಅವಳ ಅಮ್ಮನ ಕಣ್ಣಿನ ದುಡ್ಡು ಎಂದು ಇವತ್ತಿಗೂ ಅವಳಿಗೆ ಹೇಳಿಲ್ಲ.